ಪುಟ್ಟ ಹವಳದ ತೊಟ್ಟಿ: ಮೈಸೂರು, ಮಂಡ್ಯದ ಮನೆಗಳಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ಗಪ್ಪಿ, ಗೋಲ್ಡ್ ಫಿಶ್ ಸಾಕಿ ಅಭ್ಯಾಸವಿದ್ದು ಈಗ ಉಪ್ಪುನೀರಿನ ಕಡೆ ಮನಸ್ಸು ಹರಿಸಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಮಾತೆಲ್ಲ 40ರಿಂದ 80 ಲೀಟರಿನ ತೊಟ್ಟಿಯನ್ನು ಕುರಿತದ್ದು, ಅದರಲ್ಲೂ ಕಲ್ಲೇ ಕಾಣದಷ್ಟು ಒತ್ತಾಗಿ ಬಣ್ಣಬಣ್ಣದ ಮೃದು ಹವಳಗಳು ತುಂಬಿದ ತೊಟ್ಟಿಯನ್ನು ಕುರಿತದ್ದು. ಅಂಥ ತುಂಬುತನವನ್ನು ಅಂಗಡಿಯಿಂದ ಒಂದೇ ಸಲ ಕೊಂಡು ತರಲಾಗದು, ತೊಟ್ಟಿಯೊಳಗೇ ಬೆಳೆಸಿಕೊಳ್ಳಬೇಕು ಎಂಬುದು ಈ ಬರಹದ ನಿಲುವು.

ಎಷ್ಟು ದೊಡ್ಡ ತೊಟ್ಟಿಯಿಂದ ಆರಂಭಿಸಬೇಕು?

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಗಾಜಿನ ತೊಟ್ಟಿ ಹೊಸಬರಿಗೆ ತಕ್ಕ ಅಳತೆ. ಲೆಕ್ಕಕ್ಕೆ ಅದು ಸುಮಾರು 70 ಲೀಟರ್ ಹಿಡಿಯುತ್ತದೆ; ಕಲ್ಲು, ಮರಳು ಹಾಕಿ ಮೇಲೆ ಒಂದೆರಡು ಅಂಗುಲ ಬಿಟ್ಟರೆ ಉಳಿಯುವ ನೀರು 50 ಲೀಟರಿನ ಆಸುಪಾಸು. ಇದಕ್ಕಿಂತ ಚಿಕ್ಕದು ಅಗ್ಗವಾಗಿ ಕಂಡರೂ ಅದನ್ನು ನಿಭಾಯಿಸುವುದು ಕಷ್ಟ, ಏಕೆಂದರೆ ನೀರು ಕಡಿಮೆಯಾದಷ್ಟೂ ಉಷ್ಣತೆ, ಲವಣಾಂಶ, ಕೊಳೆ ಎಲ್ಲವೂ ಬೇಗ ಏರುಪೇರಾಗುತ್ತವೆ.

ತೊಟ್ಟಿ, ನೀರು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿ ನೂರು ಕಿಲೋ ಮುಟ್ಟುವುದರಿಂದ ಟಿ.ವಿ. ಸ್ಟ್ಯಾಂಡಿನ ಮೇಲೆ ಇಡುವ ಯೋಚನೆ ಬೇಡ. ಹಳೆಯ ಮನೆಗಳ ಕೆಂಪು ಗಾರೆ ನೆಲ ನೋಡಲು ಸಮವಾಗಿದ್ದರೂ ಎಲ್ಲೋ ಒಂದು ಕಡೆ ಇಳಿಜಾರಾಗಿರುತ್ತದೆ. ಆದ್ದರಿಂದ ಗಾರೆ ಕೆಲಸದವರ ರಸಮಟ್ಟವನ್ನು ಸ್ಟ್ಯಾಂಡಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ, ನಂತರ ಗಾಜಿನ ಕೆಳಗೆ ಅರ್ಧ ಅಂಗುಲದ ಥರ್ಮೋಕೋಲ್ ಹಾಳೆ ಹಾಸಿ.

ಸಮುದ್ರವಿಲ್ಲದ ಊರಿನಲ್ಲಿ ಹವಳ ಬದುಕುತ್ತದೆಯೇ?

ಬದುಕುತ್ತದೆ. ತೊಟ್ಟಿಯ ನೀರು ಸಮುದ್ರದಿಂದ ಬರುವುದಿಲ್ಲ, ಶುದ್ಧ ನೀರಿಗೆ ಉಪ್ಪಿನ ಮಿಶ್ರಣ ಕಲಸಿ ಮನೆಯಲ್ಲೇ ತಯಾರಾಗುತ್ತದೆ. ಹವಾಮಾನದ ದೃಷ್ಟಿಯಿಂದ ನೋಡಿದರೆ, ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರು ಕರಾವಳಿಯ ಊರುಗಳಿಗಿಂತ ಅನುಕೂಲವೇ: ಹವಳಕ್ಕೆ ಬೇಕಾದುದು 25ರಿಂದ 27 ಡಿಗ್ರಿ ಸೆಲ್ಸಿಯಸ್, ಮತ್ತು ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ನಮ್ಮ ಮನೆಯೊಳಗಿನ ಗಾಳಿ ಅದರ ಹತ್ತಿರವೇ ಇರುತ್ತದೆ.

ಹವಳ ಸಾಕುವುದು ಕಾನೂನುಬದ್ಧವೇ?

ಇದನ್ನು ಕೊನೆಗೆ ಕೇಳುವವರೇ ಹೆಚ್ಚು, ಕೇಳಬೇಕಾದುದು ಮೊದಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಸೀ ಫ್ಯಾನ್‌ಗಳನ್ನೂ ಸೇರಿಸಲಾಯಿತು. ಕಡಲಕುದುರೆ ಮತ್ತು ಕಡಲಸೌತೆಗಳು ಕೂಡ ಅದೇ ಕಾಲದಲ್ಲಿ ಆ ರಕ್ಷಣೆಗೆ ಒಳಪಟ್ಟವು. ಅಂದರೆ ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್, ಕಛ್ ಕೊಲ್ಲಿ ಅಥವಾ ನಮ್ಮದೇ ಮುರುಡೇಶ್ವರದ ಎದುರಿನ ನೇತ್ರಾಣಿಯಿಂದ ಗಟ್ಟಿ ಹವಳವನ್ನು ಕಿತ್ತು ತರುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ. ಸತ್ತ ಹವಳದ ಬಿಳಿ ಅಸ್ಥಿಯನ್ನು ಅಲಂಕಾರಕ್ಕೆಂದು ಇಟ್ಟುಕೊಂಡರೂ ಅದು ಇದೇ ಕಾನೂನಿನ ವ್ಯಾಪ್ತಿಗೆ ಬರುತ್ತದೆ.

ಹೊರದೇಶದ ಗಟ್ಟಿ ಹವಳಗಳು ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತಾರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ, ಮತ್ತು ಆ ಒಪ್ಪಂದದ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಈ ಗೊಡವೆಯೇ ಬೇಡವೆಂದು ಇಲ್ಲಿ ಗಟ್ಟಿ ಹವಳಗಳನ್ನು ಪೂರ್ತಿಯಾಗಿ ಬಿಟ್ಟು, ಮಶ್ರೂಮ್, ಜೋವಾ, ಲೆದರ್, ಕ್ಸೀನಿಯಾ ಮುಂತಾದ ಮೃದು ಹವಳಗಳನ್ನೂ ಅವುಗಳ ಸಮೀಪದ ಬಂಧುಗಳನ್ನೂ ಮಾತ್ರ ತೆಗೆದುಕೊಳ್ಳಲಾಗಿದೆ. ಬಣ್ಣಕ್ಕೆ ಇದರಿಂದ ಕೊರತೆಯೇನೂ ಆಗುವುದಿಲ್ಲ. ಕೊಳ್ಳುವಾಗ ಬಿಲ್ ಕೇಳಿ ಪಡೆಯಿರಿ, ಸಾಧ್ಯವಾದಷ್ಟೂ ತೊಟ್ಟಿಯಲ್ಲೇ ಬೆಳೆದ ತುಂಡುಗಳನ್ನು ಕೊಳ್ಳಿ, ಅನುಮಾನವಿದ್ದರೆ ಅಶೋಕಪುರಂನ ಅರಣ್ಯ ಭವನದಲ್ಲಿ ವಿಚಾರಿಸಿ.

ನಲ್ಲಿಯ ಕಾವೇರಿ ನೀರು ಆಗುತ್ತದೆಯೇ? ಬೋರ್‌ವೆಲ್ ನೀರು?

ಎರಡೂ ನೇರವಾಗಿ ಆಗುವುದಿಲ್ಲ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಜೊತೆಗೆ ನೈಟ್ರೇಟ್, ಫಾಸ್ಫೇಟ್‌ಗಳೂ ಇರಬಹುದು. ಬೋರ್‌ವೆಲ್ ನೀರಿನ ಗಡಸುತನದ ಜೊತೆಗೆ ಬರುವ ಸಿಲಿಕೇಟ್ ಕಂದು ಪಾಚಿಗೆ ನೇರ ಆಹಾರವಾಗುತ್ತದೆ. ಮಂಡ್ಯ ಕಡೆಯ ಹಳ್ಳಿಗಳಲ್ಲಿ ನಾಣ್ಯ ಹಾಕಿ ಬಿಂದಿಗೆ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕದ ನೀರು ಸಾಲದೇ ಎಂದು ಅನೇಕರು ಕೇಳುತ್ತಾರೆ. ಅದು ಆರ್.ಒ. ಮೂಲಕ ಬಂದಿದ್ದರೂ ಕುಡಿಯುವ ರುಚಿಗಾಗಿ ಸ್ವಲ್ಪ ಖನಿಜ ಉಳಿಸಿಕೊಂಡ ನೀರು; ನೀರಿನಲ್ಲಿ ಕರಗಿರುವ ಖನಿಜವನ್ನು ಅಳೆಯುವ ಟಿ.ಡಿ.ಎಸ್. ಮೀಟರ್ ಅದ್ದಿ ನೋಡಿದರೆ ಸೊನ್ನೆ ತೋರಿಸುವುದಿಲ್ಲ. 20 ಲೀಟರಿನ ಕ್ಯಾನ್ ನೀರಿನ ಕತೆಯೂ ಅಷ್ಟೇ.

ಪರಿಹಾರ ಸರಳವಾಗಿದೆ. ಮನೆಯ ಆರ್.ಒ. ಯಂತ್ರದಲ್ಲಿ ಮೆಂಬ್ರೇನ್ ದಾಟಿದ ನೀರನ್ನು ಖನಿಜ ಸೇರಿಸುವ ಕಾರ್ಟ್ರಿಜ್‌ಗೆ ಹೋಗುವ ಮೊದಲೇ ಒಂದು ಪೈಪಿನಿಂದ ಹೊರತೆಗೆದು, ಉಳಿದ ಖನಿಜವನ್ನೂ ಹೀರಿಕೊಳ್ಳುವ ಡಿ.ಐ. ರೆಸಿನ್ ತುಂಬಿದ ಚಿಕ್ಕ ಕೊಳವೆಯ ಮೂಲಕ ಹಾಯಿಸಿದರೆ ಮೀಟರ್ ಸೊನ್ನೆಗೆ ಇಳಿಯುತ್ತದೆ. ರೆಸಿನ್ ಬಣ್ಣ ಬದಲಾದಾಗ ಅಥವಾ ಮೀಟರ್ ಎರಡು ಮೂರು ತೋರಿಸಲು ಶುರುವಾದಾಗ ಅದನ್ನು ಬದಲಿಸಬೇಕು. ಈ ಹವ್ಯಾಸದಲ್ಲಿ ಮೊದಲ ಹಣ ಹಾಕಬೇಕಾದುದು ಇದಕ್ಕೇ. ಲೈಟಿಗೂ ಮುಂಚೆ, ಹವಳಕ್ಕೂ ಮುಂಚೆ.

ಶುದ್ಧ ನೀರನ್ನು ಸಂಗ್ರಹಿಸಲು ಪ್ಲಾಸ್ಟಿಕ್ ಡ್ರಮ್ ಮಾತ್ರ ಬಳಸಿ. ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ ನಮ್ಮ ಆರೋಗ್ಯಕ್ಕೆ ಒಳ್ಳೆಯದೆಂದು ಅಜ್ಜಿಯರು ಹೇಳುತ್ತಾರೆ, ಆದರೆ ಹಿತ್ತಾಳೆಯಲ್ಲೂ ಇರುವ ಆ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿ ಕರಗಿದರೂ ಸಿಗಡಿ, ಬಸವನಹುಳು, ಹವಳ ಮೂರಕ್ಕೂ ವಿಷ. ಮೀನಿನ ರೋಗಕ್ಕೆ ಮಾರುವ ತಾಮ್ರದ ಔಷಧಿಗಳನ್ನು ಇದೇ ಕಾರಣಕ್ಕೆ ಹವಳದ ತೊಟ್ಟಿಗೆ ಹಾಕಬಾರದು.

ಅಡುಗೆ ಉಪ್ಪನ್ನೋ ಕಲ್ಲುಪ್ಪನ್ನೋ ಕರಗಿಸಿದರೆ ಸಾಲದೇ?

ಸಾಲದು. ಸಮುದ್ರದ ನೀರಿನಲ್ಲಿ ಕರಗಿರುವ ಲವಣಗಳ ತೂಕದಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ಶೇಕಡ 85ರಷ್ಟು ಮಾತ್ರ. ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು. ಅಡುಗೆ ಉಪ್ಪಿನಲ್ಲಿ ಆ ಉಳಿದದ್ದು ಬಹುತೇಕ ಇರುವುದಿಲ್ಲ. ಅಕ್ವೇರಿಯಂಗೆಂದೇ ತಯಾರಿಸಿದ ಸಾಲ್ಟ್ ಮಿಕ್ಸ್ ಲೀಟರಿಗೆ 36ರಿಂದ 40 ಗ್ರಾಂ ಬೇಕಾಗುತ್ತದೆ, ನಿಖರ ಅಳತೆ ಬ್ರ್ಯಾಂಡನ್ನು ಅವಲಂಬಿಸಿದೆ. ನೀರಿಗೆ ಉಪ್ಪು ಹಾಕಬೇಕೇ ಹೊರತು ಉಪ್ಪಿನ ಮೇಲೆ ನೀರು ಸುರಿಯಬಾರದು, ಸುರಿದರೆ ಕ್ಯಾಲ್ಸಿಯಂ ಬಿಳಿಯಾಗಿ ತಳಕ್ಕಿಳಿದುಬಿಡುತ್ತದೆ. ಪಂಪ್ ಹಾಕಿ ಕೆಲವು ಗಂಟೆ ಕದಡಿ, ತಿಳಿಯಾದ ಮೇಲೆ ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ 35 ಪಿ.ಪಿ.ಟಿ. (ಸಾವಿರಕ್ಕೆ 35 ಪಾಲು ಉಪ್ಪು) ಬಂದಿದೆಯೇ ನೋಡಿ. ಆ ಉಪಕರಣವನ್ನೂ ಆಗಾಗ 35ರ ಮಾದರಿ ದ್ರಾವಣದಿಂದ ಸರಿಪಡಿಸುತ್ತಿರಬೇಕು.

ಮಂಗಳೂರಿಗೆ ಹೋದಾಗ ಸಮುದ್ರದ ನೀರನ್ನೇ ತುಂಬಿ ತಂದರೆ?

ದಡದ ನೀರಿನಲ್ಲಿ ಹೊಳೆಯ ಸಿಹಿನೀರು, ದೋಣಿಗಳ ಎಣ್ಣೆ, ಊರಿನ ಚರಂಡಿ ಎಲ್ಲವೂ ಬೆರೆತಿರುತ್ತವೆ, ಮತ್ತು ಕ್ಯಾನಿನೊಳಗೆ ಪ್ಲವಕಗಳು (ತೇಲಾಡುವ ಸೂಕ್ಷ್ಮಜೀವಿಗಳು) ಸತ್ತು ನೀರು ದಾರಿಯಲ್ಲೇ ಕೆಡುತ್ತದೆ. ಬೇಡ.

ಕಲ್ಲು ಮತ್ತು ಮರಳು ಎಲ್ಲಿಂದ ತರಬೇಕು?

ಸಮುದ್ರದಿಂದ ತೆಗೆದ, ಸೂಕ್ಷ್ಮಜೀವಿಗಳು ತುಂಬಿದ ‘ಜೀವಂತ ಕಲ್ಲಿ’ನ ಮೇಲೆ ಆ ಜೀವಿಗಳೇ ನೀರನ್ನು ಶುದ್ಧಿ ಮಾಡುವಂತೆ ತೊಟ್ಟಿ ಕಟ್ಟುವ ಪದ್ಧತಿಯನ್ನು 1960ರ ದಶಕದ ಆರಂಭದಲ್ಲಿ ಜಕಾರ್ತದ ಲೀ ಚಿನ್ ಎಂಗ್ ಪ್ರಚಾರಕ್ಕೆ ತಂದರು. ಇಂದಿನ ಪುಟ್ಟ ತೊಟ್ಟಿಗಳೆಲ್ಲವೂ ಆ ಪದ್ಧತಿಯ ಸಂತಾನವೇ. ಆದರೆ ನಮ್ಮ ಸಮುದ್ರದ ಅಂಥ ಕಲ್ಲು ಎಂದರೆ ಹವಳದ ಅಸ್ಥಿಯೇ ಆದ್ದರಿಂದ, ಸೆರಾಮಿಕ್ ಅಥವಾ ಸಿಮೆಂಟು ಮತ್ತು ಆರಗೊನೈಟ್ (ಸುಣ್ಣದ ಒಂದು ಖನಿಜ) ಬೆರೆಸಿ ತಯಾರಿಸಿದ ರಂಧ್ರಮಯ ಕೃತಕ ಕಲ್ಲನ್ನು ಬಳಸಿ, ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಸೇರಿಸುವುದೇ ಸರಿಯಾದ ದಾರಿ. ಸಿಮೆಂಟು ಬೆರೆತ ಕಲ್ಲನ್ನು ವಾರಗಟ್ಟಲೆ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಾ, ಪಿ.ಎಚ್. ಇಳಿದ ಮೇಲಷ್ಟೇ ತೊಟ್ಟಿಗೆ ಹಾಕಬೇಕು. ಚಾಮುಂಡಿ ಬೆಟ್ಟದ ಕಲ್ಲು ಗ್ರಾನೈಟ್. ಅದರಲ್ಲಿ ರಂಧ್ರಗಳಿಲ್ಲ, ಆದ್ದರಿಂದ ಬ್ಯಾಕ್ಟೀರಿಯಾಕ್ಕೆ ಮನೆಯಿಲ್ಲ. ಕಾವೇರಿ ಮರಳು ಮನೆ ಕಟ್ಟುವುದಕ್ಕಿರಲಿ, ತೊಟ್ಟಿಗೆ ಆರಗೊನೈಟ್ ಮರಳನ್ನು ಒಂದಂಗುಲ ಹಾಸಿದರೆ ಸಾಕು.

ಕಲ್ಲನ್ನು ಗೋಡೆ ಕಟ್ಟಿದಂತೆ ಪೇರಿಸಬೇಡಿ. ಹಿಂದಿನ ಗಾಜಿನಿಂದ ಎರಡಂಗುಲ ಬಿಟ್ಟು, ಎರಡು ಗುಡ್ಡಗಳನ್ನು ಬೇರೆ ಬೇರೆ ಎತ್ತರಕ್ಕೆ ನಿಲ್ಲಿಸಿ, ನಡುವೆ ನೀರು ಹರಿಯುವ ಕಣಿವೆ ಉಳಿಸಿ. ಒಂದೆರಡು ಕಲ್ಲುಗಳನ್ನು ಯಾವುದಕ್ಕೂ ತಾಗದಂತೆ ಮರಳಿನ ಮೇಲೆ ಒಂಟಿಯಾಗಿ ಇಡಿ. ಅವುಗಳ ಉಪಯೋಗ ಮುಂದೆ ತಿಳಿಯುತ್ತದೆ.

ನೀರು ತುಂಬಿಸಿದ ಎಷ್ಟು ದಿನಕ್ಕೆ ಹವಳ ಹಾಕಬಹುದು?

ಕೊಳೆಯುವ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಈ ಎರಡೂ ಪಡೆಗಳು ಕಲ್ಲಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಚಿಟಿಕೆ ಮೀನಿನ ಆಹಾರ ಹಾಕಿದ ಮರುದಿನ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿದರೆ ಮೊದಲ ಹವಳಕ್ಕೆ ತೊಟ್ಟಿ ಸಿದ್ಧವಾಗಿದೆ ಎಂದರ್ಥ.

ಯಾವ ಲೈಟ್ ಬೇಕು? ಫೋಟೋಗಳಲ್ಲಿ ಕಾಣುವ ಹೊಳೆಯುವ ಬಣ್ಣ ನಿಜವೇ?

ನಿಜ, ಆದರೆ ನೀಲಿ ಬೆಳಕಿನ ಕೆಳಗೆ ಮಾತ್ರ. ಹವಳದ ಮೈಯೊಳಗೆ ಏಕಕೋಶದ ಪಾಚಿಗಳು ವಾಸವಾಗಿದ್ದು, ಬೆಳಕಿನಿಂದ ತಾವು ತಯಾರಿಸಿದ ಆಹಾರದ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತವೆ. ಆ ಪಾಚಿಯ ಸ್ವಂತ ಬಣ್ಣ ಕಂದು. ನಾವು ಮೆಚ್ಚುವ ಹಸಿರು, ಕಿತ್ತಳೆ, ಕೆಂಪು ಬಣ್ಣಗಳು ಹವಳವೇ ತಯಾರಿಸುವ ಪ್ರೋಟೀನುಗಳವು. ನೀಲಿ ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಹೊರಬಿಡುವುದು ಅವುಗಳ ಗುಣ. ಜೆಲ್ಲಿ ಮೀನಿನ ಅಂಥ ಹಸಿರು ಪ್ರೋಟೀನಿನ ಶೋಧ ಮತ್ತು ಬಳಕೆಗೆ 2008ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಅದರ ಕೆಂಪು ಸೋದರನನ್ನು 1999ರಲ್ಲಿ ಪ್ರಕಟಿಸಿದ ಸಂಶೋಧಕರು ಅದನ್ನು ಪಡೆದದ್ದು ಡಿಸ್ಕೊಸೋಮಾ ಎಂಬ ಮಶ್ರೂಮ್‌ನಿಂದ, ಅಂದರೆ ಹೊಸಬರು ಮೊದಲು ಕೊಳ್ಳುವ ಅಗ್ಗದ ಜೀವಿಯಿಂದ.

ಆದ್ದರಿಂದ ಲೈಟಿನಲ್ಲಿ 420ರಿಂದ 460 ನ್ಯಾನೋಮೀಟರ್ ನಡುವಿನ ನೀಲಿ ಎಲ್.ಇ.ಡಿ.ಗಳು ಪ್ರಧಾನವಾಗಿರಬೇಕು, ಬಿಳಿ ಸ್ವಲ್ಪ ಮಾತ್ರ. ಮಶ್ರೂಮ್‌ಗಳಿಗೆ 50 ಪಾರ್ (ಪಾಚಿಗೆ ಉಪಯೋಗವಾಗುವ ಬೆಳಕಿನ ಅಳತೆ) ಸಾಕು, ಜೋವಾ, ಲೆದರ್‌ಗಳಿಗೆ 80ರಿಂದ 150 ಹಿತ. ದಿನಕ್ಕೆ ಎಂಟು ಒಂಬತ್ತು ಗಂಟೆ ಟೈಮರಿನಲ್ಲಿ ಉರಿಸಿ. ಹೊಸ ಲೈಟನ್ನು ಮೊದಲ ದಿನವೇ ಪೂರ್ತಿ ಏರಿಸಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಮೂರನೇ ಒಂದು ಭಾಗದಿಂದ ಶುರುಮಾಡಿ ವಾರವಾರ ಏರಿಸುತ್ತಾ ಹೋಗಿ.

ತೊಟ್ಟಿಯನ್ನು ಒತ್ತಾಗಿ ತುಂಬಿಸುವುದು ಹೇಗೆ? ಯಾವ ಹವಳ ಎಲ್ಲಿ?

ನಲವತ್ತು ತುಂಡು ಹವಳವನ್ನು ಒಂದೇ ವಾರದಲ್ಲಿ ತಂದು ಅಂಟಿಸಿದರೂ ತೊಟ್ಟಿ ತುಂಬಿದಂತೆ ಕಾಣುತ್ತದೆ. ಆದರೆ ಅದು ಅಂಗಡಿಯ ಕಪಾಟಿನಂತೆ ಕಾಣುತ್ತದೆ, ಮತ್ತು ಕೆಲವೇ ತಿಂಗಳಲ್ಲಿ ಯಾವುದು ಯಾವುದನ್ನು ಸುಟ್ಟಿತು, ಯಾವುದಕ್ಕೆ ಬೆಳಕು ಹೆಚ್ಚಾಯಿತು ಎಂಬುದೇ ತಿಳಿಯದ ಗೊಂದಲವಾಗುತ್ತದೆ. ಎಂಟು ಹತ್ತು ಜಾತಿಗಳ ಪುಟ್ಟ ತುಂಡುಗಳಿಂದ ಆರಂಭಿಸಿ, ಪ್ರತಿಯೊಂದಕ್ಕೂ ಅಂಗೈಯಷ್ಟು ಖಾಲಿ ಕಲ್ಲನ್ನು ಬಿಟ್ಟುಕೊಡುವುದು ನಿಧಾನದ ದಾರಿಯಾದರೂ, ಒಂದು ವರ್ಷದ ನಂತರ ಒಂದರ ಅಂಚು ಇನ್ನೊಂದಕ್ಕೆ ತಾನೇ ಹೊಂದಿಕೊಂಡು ಬೆಳೆದ ತೊಟ್ಟಿಗೆ ಇರುವ ಚೆಲುವು ಬೇರೆ ರೀತಿಯಲ್ಲಿ ಬಾರದು.

ಜಾಗದ ವಿಚಾರಕ್ಕೆ ಬಂದರೆ, ಕಲ್ಲಿನ ಕೆಳಗಿನ ಅಂಚು ಮತ್ತು ನೆರಳಿನ ಕಡೆ ಡಿಸ್ಕೊಸೋಮಾ, ರೋಡಾಕ್ಟಿಸ್ ಮಶ್ರೂಮ್‌ಗಳಿಗೆ ಸೇರಬೇಕು. ಅವು ಬೆಳಗ್ಗೆ ಚಪ್ಪಟೆಯಾಗಿದ್ದು ಬೆಳಕು ಬಲಿಯುತ್ತಿದ್ದಂತೆ ನೀರು ಹೀರಿ ಬಟ್ಟಲಿನಂತೆ ಉಬ್ಬುತ್ತವೆ. ಸ್ವಲ್ಪ ಮೇಲೆ, ಬೆಳಕು ಬೀಳುವ ಇಳಿಜಾರಿನಲ್ಲಿ ರಿಕೋರ್ಡಿಯಾ ಎಂಬ ಇನ್ನೊಂದು ಮಶ್ರೂಮ್. ನಡುವಿನ ಎಲ್ಲ ಸಮತಟ್ಟು ಜಾಗವನ್ನೂ ಜೋವಾಗಳಿಗೆ ಬಿಡಿ. ಒಂದೊಂದು ಜೋವಾ ಮುಖವೂ ಅಂಗಿಯ ಗುಂಡಿಯಷ್ಟೇ ದೊಡ್ಡದು. ಹತ್ತಿರದಿಂದ ನೋಡಿದರೆ ಹಳದಿ ಬಾಯಿ, ಅದರ ಸುತ್ತ ಹಸಿರು ತಟ್ಟೆ, ತಟ್ಟೆಯ ಅಂಚಿಗೆ ಕಿತ್ತಳೆ ಬಣ್ಣದ ಕುಚ್ಚು ಹೀಗೆ ಮೂರು ಸುತ್ತು ಬಣ್ಣವಿರುತ್ತದೆ. ಮೀನಿನ ಬಾಲ ತಾಗಿದರೆ ತಟಕ್ಕನೆ ಮುಚ್ಚಿಕೊಂಡು, ಅರ್ಧ ನಿಮಿಷದೊಳಗೆ ಒಂದೊಂದಾಗಿ ಮತ್ತೆ ಅರಳುತ್ತವೆ. ಬೇರೆ ಬೇರೆ ಬಣ್ಣದ ಜೋವಾಗಳು ಸಾಮಾನ್ಯವಾಗಿ ಜಗಳವಾಡದೆ ಒಂದರೊಳಗೊಂದು ಬೆರೆಯುವುದರಿಂದ, ದಟ್ಟವಾದ ರತ್ನಗಂಬಳಿ ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆಯಿಲ್ಲ. ಗುಡ್ಡದ ತುದಿಗೆ ಒಂದು ಲೆದರ್ ಸಾಕು, ಏಕೆಂದರೆ ಅದು ಎರಡು ವರ್ಷದಲ್ಲಿ ಕೊಡೆಯಂತೆ ಹರಡಿ ಕೆಳಗಿನವಕ್ಕೆ ನೆರಳು ಮಾಡುತ್ತದೆ.

ಇನ್ನು ಆ ಒಂಟಿ ಕಲ್ಲುಗಳು. ಹಸಿರು ಸ್ಟಾರ್ ಪಾಲಿಪ್ ಮತ್ತು ಮುಷ್ಟಿ ತೆರೆದು ಮುಚ್ಚುವಂತೆ ಸದಾ ಮಿಡಿಯುವ ಕ್ಸೀನಿಯಾ ಎರಡೂ ನೋಡಲು ಸೊಗಸು, ಸ್ವಭಾವದಲ್ಲಿ ಕಳೆ. ಅವನ್ನು ಮುಖ್ಯ ಕಲ್ಲಿಗೆ ಅಂಟಿಸಿದರೆ ಎಲ್ಲವನ್ನೂ ಹೊದ್ದುಕೊಂಡುಬಿಡುತ್ತವೆ. ಮರಳಿನ ನಡುವಿನ ದ್ವೀಪದಂಥ ಕಲ್ಲಿನ ಮೇಲೆ ಕೂರಿಸಿದರೆ ಅಲ್ಲಿಯೇ ಉಳಿಯುತ್ತವೆ, ಅಂಚು ದಾಟಿದ ಭಾಗವನ್ನು ಕಿತ್ತು ತೆಗೆಯಬಹುದು.

ಹವಳಗಳು ಒಂದನ್ನೊಂದು ಕೊಲ್ಲುತ್ತವೆಯೇ?

ಕೊಲ್ಲುತ್ತವೆ, ಸದ್ದಿಲ್ಲದೆ. ರೋಡಾಕ್ಟಿಸ್ ಮಶ್ರೂಮ್ ಪಕ್ಕದ ಜೋವಾವನ್ನು ತಾಗಿದ ಕಡೆ ಸುಡುತ್ತದೆ; ನಡುವೆ ನಾಲ್ಕೈದು ಸೆಂಟಿಮೀಟರ್ ಬಿಡಿ, ಉಬ್ಬಿದಾಗಿನ ಅಗಲವನ್ನು ಲೆಕ್ಕಕ್ಕೆ ಹಿಡಿದು. ಲೆದರ್‌ಗಳು ತಾಗದೆಯೂ ತೊಂದರೆ ಕೊಡುತ್ತವೆ, ಏಕೆಂದರೆ ನೆರೆಯವರ ಬೆಳವಣಿಗೆಯನ್ನು ತಡೆಯುವ ಟರ್ಪೀನ್ ಜಾತಿಯ ರಾಸಾಯನಿಕಗಳನ್ನು ಅವು ನೀರಿಗೆ ಬಿಡುತ್ತವೆ. ಒತ್ತಾದ ತೊಟ್ಟಿಯಲ್ಲಿ ಆಕ್ಟಿವೇಟೆಡ್ ಕಾರ್ಬನ್ ಚೀಲ ಸದಾ ಇರಬೇಕೆನ್ನುವುದು ಇದಕ್ಕಾಗಿಯೇ. ತಿಂಗಳಿಗೊಮ್ಮೆ ಅದನ್ನು ಬದಲಿಸಿ.

ಎಷ್ಟು ಮೀನು ಹಾಕಬಹುದು?

ಒತ್ತಾಗಿರಬೇಕಾದುದು ಹವಳ, ಮೀನಲ್ಲ. 50 ಲೀಟರ್ ನೀರಿಗೆ ಒಂದು ಜೋಡಿ ಚಿಕ್ಕ ಕ್ಲೌನ್ ಮೀನು ಮತ್ತು ಒಂದು ಗೋಬಿ, ಅಲ್ಲಿಗೆ ಮುಗಿಯಿತು. ಕ್ಲೌನ್ ಮೀನನ್ನು ಸಾಕಿ ಮರಿ ಮಾಡಿಸುವ ವಿದ್ಯೆಯನ್ನು ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಢಿಗೆ ತಂದಿರುವುದರಿಂದ, ಸಮುದ್ರದಿಂದ ಹಿಡಿದದ್ದನ್ನು ಕೊಳ್ಳುವ ಅಗತ್ಯವಿಲ್ಲ. ದೊಡ್ಡದಾಗಿ ಬೆಳೆಯುವ ಟ್ಯಾಂಗ್ ಮೀನು ಎಷ್ಟೇ ಮರಿಯಾಗಿದ್ದರೂ ಈ ತೊಟ್ಟಿಗೆ ಬೇಡ. ಫೈರ್‌ಫಿಶ್ ಬೇಕೆನ್ನುವವರು ಮೊದಲು ಮೇಲೊಂದು ಬಲೆಯ ಮುಚ್ಚಳ ಹಾಕಿಸಿ, ಬೆದರಿದರೆ ಅದು ಹಾರಿ ನೆಲಕ್ಕೆ ಬೀಳುತ್ತದೆ.

ಸಮುದ್ರದಲ್ಲಿ ಕ್ಲೌನ್ ಮೀನು ಆಸರೆ ಪಡೆಯುವ, ಕುಟುಕುವ ಜೀವಿಯಾದ ಅನಿಮೋನ್ ತೊಟ್ಟಿಯಲ್ಲಿ ಕಡ್ಡಾಯವಲ್ಲ. ಚಿಕ್ಕ ತೊಟ್ಟಿಯಲ್ಲಿ ಅನಿಮೋನ್ ನಡೆದಾಡಿ ದಾರಿಯಲ್ಲಿನ ಹವಳವನ್ನೆಲ್ಲ ಕುಟುಕಿ, ಕೊನೆಗೆ ನೀರಿನಲ್ಲಿ ಅಲೆಯೆಬ್ಬಿಸುವ ಪಂಪಾದ ವೇವ್‌ಮೇಕರಿನ ರೆಕ್ಕೆಗೆ ಸಿಕ್ಕಿ ಇಡೀ ನೀರನ್ನು ಕೆಡಿಸುವ ಅಪಾಯವಿದೆ. ಪಾಚಿ ಮೇಯಲು ಟ್ರೋಕಸ್, ಸೆರಿತ್ ಜಾತಿಯ ಐದಾರು ಬಸವನಹುಳುಗಳು, ನೋಡಲು ಒಂದು ಕ್ಲೀನರ್ ಸಿಗಡಿ ಇದ್ದರೆ ಚೆನ್ನ.

ನೀರಿನಲ್ಲಿ ಏನೇನು ಅಳೆಯಬೇಕು?

ಲವಣಾಂಶ 35, ಕ್ಷಾರೀಯತೆ 8ರಿಂದ 9 ಡಿ.ಕೆ.ಎಚ್. (ಕ್ಷಾರೀಯತೆಯ ಮಾನ), ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1250ರಿಂದ 1350, ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1 ಇವು ಗುರಿಗಳು; ಕೊನೆಯ ನಾಲ್ಕೂ ಪಿ.ಪಿ.ಎಂ., ಅಂದರೆ ಹತ್ತು ಲಕ್ಷಕ್ಕೆ ಇಷ್ಟು ಪಾಲು ಎಂಬ ಲೆಕ್ಕದಲ್ಲಿ. ಗಟ್ಟಿ ಹವಳವಿಲ್ಲದ ತೊಟ್ಟಿಯಲ್ಲಿ ಕ್ಯಾಲ್ಸಿಯಂ ಬೇಗ ಖರ್ಚಾಗದ ಕಾರಣ, ವಾರಕ್ಕೆ ಐದು ಲೀಟರ್ ನೀರು ಬದಲಿಸುತ್ತಿದ್ದರೆ ಬಾಟಲಿ ಔಷಧಿಗಳ ಅಗತ್ಯವಿಲ್ಲ. ಹಾಗೆಂದು ನೀರು ಬದಲಿಸುವುದರಿಂದಲೇ ಎಲ್ಲವೂ ಸರಿಹೋಗುತ್ತದೆ ಎಂದುಕೊಳ್ಳಬೇಡಿ: ನೈಟ್ರೇಟ್ 20 ಇದ್ದಾಗ ಶೇಕಡ ಹತ್ತು ನೀರು ಬದಲಿಸಿದರೆ ಅದು 18ಕ್ಕೆ ಇಳಿಯುತ್ತದೆ, ಅಷ್ಟೇ. ಮೂಲದಲ್ಲಿ ಆಹಾರ ಕಡಿಮೆ ಮಾಡಬೇಕು.

ದಿನವೂ ನೋಡಬೇಕಾದುದು ಲವಣಾಂಶ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. 50 ಲೀಟರಿನಲ್ಲಿ ಮೂರು ಲೀಟರ್ ಆವಿಯಾದರೆ 35 ಇದ್ದದ್ದು 37 ದಾಟುತ್ತದೆ. ಆದ್ದರಿಂದ ಇಳಿದಷ್ಟನ್ನೂ ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು. ಮಟ್ಟ ಇಳಿದ ಕೂಡಲೇ ತಾನಾಗಿ ತುಂಬುವ ಎ.ಟಿ.ಒ. ಉಪಕರಣ ಚಿಕ್ಕ ತೊಟ್ಟಿಗೆ ಆಡಂಬರವಲ್ಲ, ಅವಶ್ಯಕತೆ.

ಏಪ್ರಿಲ್ ತಿಂಗಳ ಬಿಸಿಲಿಗೆ ಏನು ಮಾಡಬೇಕು? ಕರೆಂಟು ಹೋದರೆ?

ಬೇಸಿಗೆಯ ಮಧ್ಯಾಹ್ನ ಹೊರಗೆ 35 ಡಿಗ್ರಿ ತಲುಪಿದಾಗ ಪಂಪು, ಲೈಟುಗಳ ಶಾಖವೂ ಸೇರಿ ತೊಟ್ಟಿ 30 ದಾಟಬಹುದು. ನೀರಿನ ಮೇಲೆ ಓರೆಯಾಗಿ ಗಾಳಿ ಬೀಸುವ ಪುಟ್ಟ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ, ಆದರೆ ಆವಿಯಾಗುವ ನೀರೂ ಹೆಚ್ಚುತ್ತದೆ. ಲೈಟನ್ನು ಸಂಜೆ ನಾಲ್ಕರಿಂದ ರಾತ್ರಿ ಹನ್ನೆರಡರವರೆಗೆ ಉರಿಯುವಂತೆ ಬದಲಾಯಿಸಿದರೆ ಮಧ್ಯಾಹ್ನದ ಬಿಸಿಲಿನ ಜೊತೆ ಅದರ ಶಾಖ ಸೇರುವುದಿಲ್ಲ. ಮೈಸೂರಿನಲ್ಲಿ ಇಷ್ಟರಿಂದ ಹೆಚ್ಚಿನವರ ಕೆಲಸ ನಡೆಯುತ್ತದೆ. ತಾರಸಿಯ ಕೆಳಗಿನ ಮಹಡಿ ಕೋಣೆಯಾದರೆ ಮಾತ್ರ ನೀರು ತಂಪಾಗಿಸುವ ಚಿಲ್ಲರ್ ಬೇಕಾದೀತು. ಡಿಸೆಂಬರ್, ಜನವರಿಯ ರಾತ್ರಿಗಳಿಗೆ 50ರಿಂದ 100 ವಾಟಿನ ಹೀಟರ್ ಸಾಕು, ಆದರೆ ಅದರೊಳಗಿನ ಥರ್ಮೋಸ್ಟಾಟನ್ನು ನಂಬದೆ ಹೊರಗೊಂದು ಕಂಟ್ರೋಲರ್ ಜೋಡಿಸಿ.

ಕರೆಂಟು ಹೋದಾಗ ಮೊದಲು ಕೊಲ್ಲುವುದು ಆಮ್ಲಜನಕದ ಕೊರತೆ, ಕತ್ತಲೆಯಲ್ಲ. ಆದ್ದರಿಂದ ಮನೆಯ ಯು.ಪಿ.ಎಸ್.ಗೆ ವೇವ್‌ಮೇಕರ್ ಒಂದನ್ನೇ ಜೋಡಿಸಿ. ಅದು ತಿನ್ನುವುದು ಕೆಲವೇ ವಾಟ್. ಲೈಟು, ಹೀಟರ್ ಆಮೇಲೆ ಉರಿಯಲಿ.

ಸೊಳ್ಳೆ ಬತ್ತಿ, ಅಗರಬತ್ತಿಯಿಂದ ತೊಂದರೆಯೇ?

ಸೊಳ್ಳೆಯ ಲಿಕ್ವಿಡ್, ಕಾಯಿಲ್, ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ರಾಸಾಯನಿಕಗಳು ಮೀನಿಗೂ ಅದಕ್ಕಿಂತ ಹೆಚ್ಚಾಗಿ ಸಿಗಡಿಗೂ ಮಾರಕ. ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆಪರದೆ, ಕಿಟಕಿಗೆ ಜಾಲರಿ, ಅಷ್ಟೇ. ಅಗರಬತ್ತಿಯ ಹೊಗೆ ಅಷ್ಟು ಅಪಾಯಕಾರಿಯಲ್ಲದಿದ್ದರೂ ನೀರಿನ ಮೇಲೆ ಜಿಡ್ಡಿನ ಪದರವಾಗಿ ಕೂರುತ್ತದೆ, ಆದ್ದರಿಂದ ದೇವರ ಮನೆಯ ಎದುರು ತೊಟ್ಟಿ ಬೇಡ. ದಸರೆಗೆ ಗೊಂಬೆ ಕೂರಿಸುವ ಮನೆಗಳಲ್ಲಿ, ನೋಡಲು ಬಂದ ಮಕ್ಕಳು ಕೈ ಅದ್ದದಂತೆ ಆ ಒಂಬತ್ತು ದಿನ ಮುಚ್ಚಳವಿರಲಿ. ಹಬ್ಬಕ್ಕೆ ಮುಂಚಿನ ಸುಣ್ಣಬಣ್ಣದ ಕೆಲಸವನ್ನು ಆ ಕೋಣೆಯಲ್ಲಿ ಕಿಟಕಿ ತೆರೆದೇ ಮಾಡಿಸಿ.

ಕಂದು ಪಾಚಿ ಎಲ್ಲವನ್ನೂ ಮುಚ್ಚುತ್ತಿದೆ. ಸೋತೆನೇ?

ಇಲ್ಲ. ಹೊಸ ತೊಟ್ಟಿಯಲ್ಲಿ ಮೊದಲು ಡಯಾಟಮ್ ಎಂಬ ಕಂದು ಪಾಚಿ, ಆಮೇಲೆ ಹಸಿರು ಕೂದಲಿನಂಥ ಪಾಚಿ ಬರುವುದು ಸಹಜ ಕ್ರಮ. ಕೈಯಿಂದ ಕಿತ್ತು, ಬಸವನಹುಳುಗಳಿಗೆ ಬಿಟ್ಟು, ಕಾಯಿರಿ. ಗಾಬರಿಯಿಂದ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸುವವರಿಗೆ ಅದಕ್ಕಿಂತ ಕೆಟ್ಟ ಅತಿಥಿ ಬರುತ್ತದೆ: ಗುಳ್ಳೆಗಳನ್ನು ಹಿಡಿದುಕೊಂಡ ಕಂದು ಲೋಳೆಯಂತೆ ಕಾಣುವ ಡೈನೋಫ್ಲಾಜೆಲೇಟ್. ಆಹಾರವೇ ಇಲ್ಲದ ನೀರಿನಲ್ಲಿ ಮೃದು ಹವಳವೂ ಬಡಕಲಾಗುತ್ತದೆ.

ಕಲ್ಲಿನ ಮೇಲೆ ತಾನಾಗಿ ಪುಟ್ಟ ಅನಿಮೋನ್ ಹುಟ್ಟಿದೆ, ಬೆಳೆಯಲು ಬಿಡಬಹುದೇ?

ಕಂದು ಬಣ್ಣದ, ಪಾರದರ್ಶಕ ಕಾಂಡದ ಆ ಜೀವಿ ಬಹುತೇಕ ಐಪ್ಟೇಸಿಯಾ ಎಂಬ ಪಿಡುಗು. ಜಜ್ಜಬೇಡಿ, ಉಳಿದ ಒಂದೊಂದು ಚೂರೂ ಹೊಸದಾಗಿ ಬೆಳೆಯುತ್ತದೆ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಗಟ್ಟಿಯಾಗಿ ಕಲಸಿ, ಪಂಪು ನಿಲ್ಲಿಸಿ, ಸಿರಿಂಜಿನಿಂದ ಅದರ ಬಾಯಿಗೆ ಹಾಕಿ. ವೀಳ್ಯದೆಲೆಗೆ ಹಚ್ಚುವ ಸುಣ್ಣವೂ ಅದೇ ವಸ್ತುವಾದರೂ ಅದರಲ್ಲಿ ಬೇರೇನು ಬೆರೆತಿದೆಯೆಂದು ಹೇಳಲಾಗದು, ಅದು ತಟ್ಟೆಯಲ್ಲೇ ಇರಲಿ.

ಲೆದರ್ ವಾರದಿಂದ ಮುಚ್ಚಿಕೊಂಡಿದೆ, ಸತ್ತಿತೇ?

ಮೈ ಮೇಲೆ ಮೇಣದಂಥ ಹೊಳಪು ಕಂಡರೆ ಅದು ಪೊರೆ ಬಿಡುತ್ತಿದೆ. ವೇವ್‌ಮೇಕರಿನ ಅಲೆಯನ್ನು ಸ್ವಲ್ಪ ಅದರ ಕಡೆ ತಿರುಗಿಸಿದರೆ ಪೊರೆ ಚಿಂದಿಯಾಗಿ ಕಳಚಿಹೋಗುತ್ತದೆ. ಕೊಳೆತ ವಾಸನೆ ಬಂದು ಮೈ ಕರಗುತ್ತಿದ್ದರೆ ಮಾತ್ರ ಹೊರಗೆ ತೆಗೆಯಿರಿ.

ಬೆಂಗಳೂರಿನಿಂದ ಹವಳ ತರುವುದು ಹೇಗೆ?

ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಒಂದೊಂದನ್ನೂ ಬೇರೆ ಚೀಲದಲ್ಲಿ ಕಟ್ಟಿಸಿಕೊಂಡರೆ ರೈಲಿನ ಮೂರು ಗಂಟೆ ಏನೂ ಅಲ್ಲ. ಮನೆಗೆ ಬಂದ ಮೇಲೆ ಚೀಲವನ್ನು ತೊಟ್ಟಿಯ ನೀರಿನಲ್ಲಿ 20 ನಿಮಿಷ ತೇಲಿಸಿ, ನಂತರ ತೊಟ್ಟಿಯ ನೀರನ್ನು ಸಣ್ಣ ಪೈಪಿನಿಂದ ಹನಿಹನಿಯಾಗಿ ಸೇರಿಸಿ, ಅಯೋಡಿನ್ ಡಿಪ್‌ನಲ್ಲಿ ತೊಳೆದು ಹುಳು, ಮೊಟ್ಟೆಗಳಿವೆಯೇ ಎಂದು ನೋಡಿ ಇಳಿಸಿ. ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ.

ಬೇಸಿಗೆ ರಜೆಗೆ ಊರಿಗೆ ಹೋಗಬೇಕು. ತೊಟ್ಟಿಯ ಗತಿ?

ಎ.ಟಿ.ಒ. ಡ್ರಮ್ ತುಂಬಿರಲಿ, ಬೇಸಿಗೆಯಲ್ಲಿ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚೇ ಬೇಕಾಗಬಹುದು. ಮೀನುಗಳು ಮೂರು ನಾಲ್ಕು ದಿನ ಉಪವಾಸವಿರಬಲ್ಲವು. ಅದಕ್ಕಿಂತ ಹೆಚ್ಚಾದರೆ ಪಕ್ಕದ ಮನೆಯವರಿಗೆ ಡಬ್ಬಿ ಕೊಡದೆ, ಒಂದೊಂದು ದಿನದ ಆಹಾರವನ್ನು ಪೊಟ್ಟಣ ಕಟ್ಟಿ ಕೊಡಿ. ಪ್ರೀತಿಯಿಂದ ಸುರಿದ ಒಂದು ಹಿಡಿ ಆಹಾರ ಎರಡೇ ದಿನದಲ್ಲಿ ತೊಟ್ಟಿಯನ್ನು ಮುಗಿಸಬಲ್ಲದು.

ಜೋವಾಗಳನ್ನು ಮುಟ್ಟಿದರೆ ವಿಷವಂತೆ, ನಿಜವೇ?

ಜೋವಾಗಳ ಬಂಧುವಾದ ಪಾಲಿಥೋವಾಗಳಲ್ಲಿ ಪಾಲಿಟಾಕ್ಸಿನ್ ಎಂಬ ಅತಿ ತೀವ್ರ ವಿಷವಿರಬಹುದು. ಅದನ್ನು ಮೊದಲು ಬೇರ್ಪಡಿಸಿದ್ದು ಹವಾಯಿಯ ಪಾಲಿಥೋವಾದಿಂದ, 1971ರಲ್ಲಿ. ಗಾಜಿನಾಚೆಯಿಂದ ನೋಡುವವರಿಗೆ ಅಪಾಯವಿಲ್ಲ. ಆದರೆ ಕತ್ತರಿಸುವಾಗ ಕೈಗವಸು, ಕನ್ನಡಕ ಕಡ್ಡಾಯ, ಗಾಯವಿರುವ ಕೈಯನ್ನು ನೀರಿಗೆ ಹಾಕಬಾರದು. ಅವು ಬೆಳೆದ ಕಲ್ಲನ್ನು ಸ್ವಚ್ಛಗೊಳಿಸಲೆಂದು ಎಂದಿಗೂ ಕುದಿಸಬೇಡಿ. ಆ ಆವಿಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ.

ತೊಟ್ಟಿ ತುಂಬಿಹೋದ ಮೇಲೆ ಏನು ಮಾಡಬೇಕು?

ಕತ್ತರಿಸಬೇಕು. ಮಶ್ರೂಮನ್ನು ಹರಿತವಾದ ಬ್ಲೇಡಿನಿಂದ ಬಾಯಿಯ ನಡುವೆ ಎರಡಾಗಿ ಸೀಳಿ, ಕಲ್ಲುಚೂರು ತುಂಬಿದ ಬಟ್ಟಲಿಗೆ ಹಾಕಿ ಸೊಳ್ಳೆಪರದೆಯ ತುಂಡಿನಿಂದ ಮುಚ್ಚಿಟ್ಟರೆ ಒಂದೆರಡು ವಾರದಲ್ಲಿ ಚೂರಿಗೆ ಕಚ್ಚಿಕೊಳ್ಳುತ್ತದೆ. ಲೆದರ್‌ಗೆ ಅಂಟು ಹಿಡಿಯದು, ಕೊಂಬೆಯನ್ನು ಕತ್ತರಿಸಿ ದಾರದಿಂದ ಸಡಿಲವಾಗಿ ಕಲ್ಲಿಗೆ ಕಟ್ಟಬೇಕು. ಜೋವಾಗಳನ್ನು ಬುಡದ ಚರ್ಮ ಸಮೇತ ಎಬ್ಬಿಸಿ, ಸೈನೋಅಕ್ರಿಲೇಟ್ ಜೆಲ್ ಅಂಟಿನಿಂದ ಕೂರಿಸಿ. ಕತ್ತರಿಸುವ ಕೆಲಸವನ್ನು ತೊಟ್ಟಿಯ ಹೊರಗೆ, ಬೇರೆ ಪಾತ್ರೆಯಲ್ಲಿಟ್ಟ ತೊಟ್ಟಿಯ ನೀರಿನಲ್ಲಿ ಮಾಡಿ, ಮುಗಿದ ಮೇಲೆ ಕಾರ್ಬನ್ ಬದಲಿಸಿ.

ಹೆಚ್ಚಾದ ತುಂಡುಗಳನ್ನು ಊರಿನ ಇತರ ಹವ್ಯಾಸಿಗಳ ಜೊತೆ ಅದಲುಬದಲು ಮಾಡಿಕೊಳ್ಳುವುದೇ ಹೊಸ ಬಣ್ಣ ತರುವ ಅತ್ಯುತ್ತಮ ದಾರಿ. ಮೈಸೂರಿನ ನೀರು, ಬೆಳಕು, ಉಷ್ಣತೆಗೆ ಒಗ್ಗಿಕೊಂಡ ತುಂಡು ವಿಮಾನದಲ್ಲಿ ಬಂದ ತುಂಡಿಗಿಂತ ಬೇಗ ಅರಳುತ್ತದೆ. ಯಾರಿಗೂ ಬೇಡವಾದ ಕ್ಸೀನಿಯಾವನ್ನು ಕೆರೆಗೆ ಎಸೆಯಬೇಡಿ, ಒಣಗಿಸಿ ಕಸಕ್ಕೆ ಹಾಕಿ. ಬದಲಿಸಿದ ಉಪ್ಪುನೀರನ್ನು ತೆಂಗಿನ ಬುಡಕ್ಕೋ ಕೈತೋಟಕ್ಕೋ ಸುರಿಯದೆ ಒಳಚರಂಡಿಗೆ ಬಿಡಿ.